ನಲವತ್ಮೂರು, ನಲವತ್ನಾಲ್ಕು

ಏಪ್ರಿಲ್ ಹತ್ತು. ಫಲಿತಾಂಶ ಓದಿ ಮುಗಿಸಿ
ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಬರೆದು ಹಂಚಿದೆ
ಬೇಸಿಗೆಗೆ ಹದಿನಾಲ್ಕು ಪುಸ್ತಕ.
‘ಎಲ್ಲವೂ ಪುಕ್ಕಟೆ’ ಎಂದೆ, ತುಸು ಜೋರಾಗಿಯೇ,
ಸಂತೆಯಲ್ಲಿ ಕೂಗುವವಳ ಹಾಗೆ.

ಆ ಪುಕ್ಕಟೆಯನ್ನು ಹುಡುಕಲು ನನಗೆ
ಹನ್ನೊಂದು ರಾತ್ರಿ ಹಿಡಿದಿತ್ತು.
ಒಂದು ಕಡೆ ಮೊದಲ ಅಧ್ಯಾಯ ಮಾತ್ರ ಧರ್ಮಕ್ಕೆ,
ಎರಡನೆಯದರ ಬಾಗಿಲಲ್ಲಿ ಕಾರ್ಡ್ ನಂಬರ್ ಕೇಳುವ ಕೈ.
ಇನ್ನೊಂದು ಕಡೆ ಏಳು ದಿನದ ನೆಂಟಸ್ತಿಕೆ,
ಎಂಟನೇ ದಿನ ಬ್ಯಾಂಕಿನಿಂದ ಮೆಸೇಜು.
ಹಕ್ಕು ತೀರಿದ ಹಳೆಯದೊಂದರಲ್ಲಿ
ಪುಟ ನಲವತ್ತೆರಡಾದ ಮೇಲೆ ನಲವತ್ತೈದು;
ಐವತ್ತರ ಮೂಲೆಯಲ್ಲಿ ಸ್ಕ್ಯಾನ್ ಮಾಡಿದವರದೊಂದು ಹೆಬ್ಬೆರಳು,
ಉಗುರಿನಲ್ಲಿ ಅರ್ಧ ಅಳಿಸಿದ ಮದರಂಗಿ.
ಆ ಪುಸ್ತಕವನ್ನು ಬಿಡಲಾಗಲಿಲ್ಲ,
ಹೆಬ್ಬೆರಳಿನ ಸಲುವಾಗಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮಕ್ಕಳು ಇವರು.
ರಜೆ ಎಂದರೆ ಚೀಲ ಹೊಲಿಯುವುದು, ಮರಳು ಜರಡಿ ಹಿಡಿಯುವುದು.
ಮನೆಗೊಂದೇ ಫೋನು. ಅದು ಅಪ್ಪನ ಜೇಬಿನಲ್ಲಿ
ಲೋಡಿನ ಜೊತೆ ಹರಿಹರ, ರಾಣೆಬೆನ್ನೂರು ಸುತ್ತಿ
ರಾತ್ರಿ ಒಂಬತ್ತಕ್ಕೆ ಮರಳುತ್ತದೆ
ಎಂಟು ಪರ್ಸೆಂಟ್ ಜೀವ ಹಿಡಿದುಕೊಂಡು.
ಪಟ್ಟಿಯನ್ನು ನಾಲ್ಕಾಗಿ ಮಡಚಿ ಪರ್ವೀನ್‌ತಾಜ್
ಬಾಗಿಲ ಬಳಿ ನಿಂತು ಕೇಳಿದಳು:
‘ಪುಸ್ತಕ ಪುಕ್ಕಟೆ ಐತಿ, ಸರಿ ಮಿಸ್.
ನೆಟ್ಟು?’

ಉತ್ತರ ನನ್ನ ಬಳಿ ಇರಲಿಲ್ಲ. ಖಲಂದರನ ಬಳಿ ಇತ್ತು.
ಮೊಬೈಲ್ ರಿಪೇರಿಯವನು; ಒಂದು ಕಾಲಕ್ಕೆ
ಮೆಮೊರಿ ಕಾರ್ಡಿಗೆ ಹಾಡು ತುಂಬಿ ಇಪ್ಪತ್ತು ರೂಪಾಯಿ ಎಣಿಸುತ್ತಿದ್ದವನು.
ಡ್ರಾಯರಿನಲ್ಲಿ ಇನ್ನೂ ಇದ್ದವು ಆ ಕಾರ್ಡುಗಳು, ಉಗುರಗಲ,
ಕೇಳುವವರಿಲ್ಲದೆ.
ಪರದೆ ಒಡೆದ ಬಟನ್ ಫೋನುಗಳೂ ಇದ್ದವು.
‘ಕಥಿ ಕೇಳಾಕೆ ಪರದೆ ಯಾಕ್ ಬೇಕ್ರಿ?’ ಎಂದ.
ಯಾರದೋ ಮದುವೆಯ ಹಾಡುಗಳನ್ನು ಅಳಿಸಿ ಕಥೆ ತುಂಬಿದ.
ದುಡ್ಡು ಕೇಳಲಿಲ್ಲ.
ಯಾಕೆಂದು ನಾನೂ ಕೇಳಲಿಲ್ಲ.

ಮೇ ತಿಂಗಳ ನಡುವೆ ಒಮ್ಮೆ ಹೋದೆ.
ಹೊಗೆ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು,
ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ.
ಚೀಲಗಳ ಒಟ್ಟಲಿನ ಮೇಲೆ ಬಟನ್ ಫೋನು,
ಅದರೊಳಗಿಂದ ಹೆಂಗಸೊಬ್ಬಳ ದನಿ,
ಕೈ ನಿಲ್ಲಿಸದೆ ಕೇಳುವ ನಾಲ್ವರು ಹುಡುಗಿಯರು,
ಓದು ಬಾರದ ಹುಸೇನಬಿ ಅಜ್ಜಿ.
ನಾನು ಬಾಯಿ ತೆರೆದೆ. ‘ಶ್’ ಎಂದಳು ಅಜ್ಜಿ.

‘ಮಿಸ್, ಐದನೇ ಅಧ್ಯಾಯದಾಗೆ ಕುಕ್ಕರ್ ಕೂಗ್ತೈತಿ.’
‘ಕಥೆಯಲ್ಲೇ?’
‘ಅಲ್ಲ, ಓದಾಕೆಯ ಮನ್ಯಾಗೆ.
ಮೂರು ಸಲ. ಮೂರನೇದಕ್ಕೆ ಆಕಿ ನಿಲ್ಲಿಸ್ತಾಳೆ,
ಚಪ್ಪಲಿ ಸದ್ದು ಹೋಗ್ತೈತಿ, ಬರ್ತೈತಿ.
ಆಮ್ಯಾಲೆ ಹಡಗು ಮುಳುಗ್ತೈತಿ.’
ಅಜ್ಜಿಗೆ ಹಡಗಿನ ಚಿಂತೆಯಿಲ್ಲ:
ಬೇಳೆ ಬೆಂದಿತೋ ಇಲ್ಲವೋ.

ಆಕೆ ಯಾರು, ಯಾವ ಊರು, ಎಲ್ಲೂ ಬರೆದಿರಲಿಲ್ಲ.
ಮದರಂಗಿಯ ಉಗುರು ಅವಳದೇ ಇರಬಹುದೇ
ಎಂದು ಒಂದು ಕ್ಷಣ ಅನ್ನಿಸಿ, ನಗು ಬಂತು.
ಪುಕ್ಕಟೆ ಎಂದು ಸಂತೆಯಲ್ಲಿ ಕೂಗಿದ್ದಕ್ಕೆ
ನಾಚಿಕೆಯೂ.

ಹೊರಡುವಾಗ ಪರ್ವೀನ್ ಅಂಗೈಯಲ್ಲಿ ಕಾರ್ಡು ಇಟ್ಟಳು.
‘ಆ ಹರಿದ ಪುಸ್ತಕ ಐತಲ್ಲ ಮಿಸ್,
ಅದರ ನಲವತ್ಮೂರು, ನಲವತ್ನಾಲ್ಕು.’

ರಾತ್ರಿ ಕೇಳಿದೆ.
ನಲವತ್ತೆರಡರಲ್ಲಿ ತಾತನಿಗೆ ಜ್ವರ,
ನಲವತ್ತೈದರಲ್ಲಿ ಮಣ್ಣು ಮಾಡಿ ಮರಳುತ್ತಾರೆ.
ನಡುವಿನದನ್ನು ಅವಳು ತಾನೇ ಬರೆದು ಓದಿದ್ದಳು,
ಅಪ್ಪನ ಫೋನಿನಲ್ಲಿ, ಚಾರ್ಜಿಗೆ ಹಾಕಿಕೊಂಡೇ.
ಅವಳ ತಾತ ಔಷಧಿ ಬೇಡವೆಂದು
ಒಂದು ಹಿಡಿ ಮಂಡಕ್ಕಿ ಕೇಳುತ್ತಾನೆ.
ಬಿಸಿಯದು. ಉಪ್ಪು ಹೆಚ್ಚಾಯಿತೆಂದು ಬೈಯುತ್ತಾನೆ.
ಅಷ್ಟೇ, ಬೇರೇನೂ ಆಗುವುದಿಲ್ಲ.
‘ಶ್ವಾಸ’ವನ್ನು ‘ಸ್ವಾಸ’ ಎಂದಿದ್ದಳು. ತಿದ್ದಲಿಲ್ಲ.
ದನಿಯ ಹಿಂದೆ ಆಲಿಕಲ್ಲು ಸುರಿಯುತ್ತಲೇ ಇತ್ತು,
ಯಾರೋ ಕೆಮ್ಮಿದರು, ಯಾರೋ ಕೇಳಿದರು:
‘ಮುಂದೇನಾತು?’

ಅಡುಗೆಮನೆಯಲ್ಲಿ ನನ್ನ ಕುಕ್ಕರ್
ಎಷ್ಟು ಸಲ ಕೂಗಿತೋ.